ಬೊಚ್ಚುಬಾಯಿಯ ಹೂಮೀನು

ಮೀನಿಗೆ ಮುಳ್ಳೇ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೀನು ತಿನ್ನುವವರೆಲ್ಲ ಒಮ್ಮೆಯಾದರೂ ಅಂದುಕೊಂಡಿರುತ್ತಾರೆ. ಗಂಟಲಲ್ಲಿ ಸಿಕ್ಕಿದ್ದನ್ನು ಒಂದು ಮುದ್ದೆ ಅನ್ನ ನುಂಗಿ ಕೆಳಗಿಳಿಸಿ, ಮರುದಿನ ಮರೆತುಬಿಡುತ್ತಾರೆ. ಕೋಡಿಬೈಲಿನ ಅಳಿವೆಯ ದಂಡೆಯಲ್ಲಿದ್ದ ಲ್ಯಾಬಿನವರು ಮಾತ್ರ ಮರೆಯಲಿಲ್ಲ.

ಅವರು ಆರಿಸಿಕೊಂಡದ್ದು ಹೂಮೀನನ್ನು. ಹೂಮೀನೆಂದರೆ ರುಚಿಗೆ ಹೂವು, ಮುಳ್ಳಿಗೆ ಜಾಲಿ. ಬಾಯಿ ಬಿಡಿಸಿ ನೋಡಿದರೆ ಒಂದು ಹಲ್ಲಿಲ್ಲ, ಹಸುಗೂಸಿನ ಹಾಗೆ ಬೊಚ್ಚುಬಾಯಿ. ಪಾಚಿ ತಿಂದು ಬದುಕುವ ಸಾಧು ಪ್ರಾಣಿ. ಮಾಂಸದೊಳಗೆ ಮಾತ್ರ ಕೂದಲೆಳೆಯಂಥ ಕವಲೊಡೆದ ಇನ್ನೂರು ಸೂಜಿ. ಲ್ಯಾಬಿನವರು ಆ ಮೀನಿನ ವಂಶವಾಹಿಗಳಲ್ಲಿ ಎಲುಬು ಕಟ್ಟುವ ಕೆಲಸದ ಒಂದಕ್ಕೆ ಬೀಗ ಹಾಕಿದರು. ಬೀಗ ಬಿದ್ದ ಮೀನಿನಲ್ಲಿ ಸೂಜಿಗಳು ಹುಟ್ಟಲೇ ಇಲ್ಲ. ಬೆನ್ನೆಲುಬು ನಮ್ಮ ಕಿವಿಯಂಚಿನ ಹಾಗೆ ಮೆದುವಾಗಿಯೇ ಉಳಿದು, ಸಾರಿನಲ್ಲಿ ಬೆಂದರೆ ಹಲ್ಲಿಲ್ಲದವರೂ ಅಗಿಯುವಂತಾಯಿತು.

ಆ ಲ್ಯಾಬಿನಲ್ಲಿ ಮೀನು ಕೊಯ್ಯುವ ಕೆಲಸ ಗುಲಾಬಕ್ಕನದು. ಮೂವತ್ತೈದು ವರ್ಷ ಮಾರ್ಕೆಟ್ಟಿನ ಕಟ್ಟೆಯ ಮೇಲೆ ಮೆಟ್ಟುಕತ್ತಿಯ ಮುಂದೆ ಕೂತವಳು. ಗಂಡ ಹೆರಿಯ ಮರಕಾಲನಿಗೆ ದೋಣಿಯಲ್ಲೇ ಪಾರ್ಶ್ವ ಬಡಿದು ಬಲಮೈ ಬಿದ್ದುಹೋದ ಮೇಲೆ, ಒಂಬತ್ತು ವರ್ಷ ಅವನಿಗೆ ಮೀನು ತಿನ್ನಿಸಿದ್ದು ಅವಳ ಬೆರಳೇ. ಒಂದೊಂದು ತುತ್ತನ್ನೂ ಹಿಸುಕಿ, ಮುಳ್ಳು ಹುಡುಕಿ, ಆಮೇಲೆ ಬಾಯಿಗೆ. ಹಾಗಾಗಿ ಅವಳ ಬೆರಳ ತುದಿಗೆ ಕಣ್ಣು ಬಂದಿತ್ತು. ಲ್ಯಾಬಿನವರು ಅವಳನ್ನು ಕರೆದದ್ದು ಆ ಬೆರಳಿಗಾಗಿ.

ಕರೆದವರು ಡಾಕ್ಟರ್ ನೀಲಾಂಬಿಕಾ. ಗದಗ ಕಡೆಯವರು, ಮೂವತ್ತು ದಾಟಿದ ಹೆಣ್ಣುಮಗಳು. ಮನೆಯಲ್ಲಿ ಮೂರು ತಲೆಮಾರಿನಿಂದ ಮೊಟ್ಟೆಯನ್ನೂ ಮುಟ್ಟದವರು. ಮೀನಿನ ಜೀವಕೋಶ, ಮೀನಿನ ರಕ್ತ, ಮೀನಿನ ಭ್ರೂಣ ಎಲ್ಲ ಗೊತ್ತು, ಗಾಜಿನ ಹಿಂದೆ. ಮೊದಲ ದಿನ ಗುಲಾಬಕ್ಕ ಇಡೀ ಮೀನನ್ನು ಲೋಳೆ ಸಮೇತ ತಟ್ಟೆಯಲ್ಲಿಟ್ಟಾಗ ಆಕೆ ಬಾಯಿಗೆ ಕೈ ಒತ್ತಿಕೊಂಡು ಹೊರಗೋಡಿ, ಪಂಪಿನ ಮನೆಯ ಹಿಂದೆ ವಾಂತಿ ಮಾಡಿಕೊಂಡರು. ವಾಪಸು ಬಂದು ಏನೂ ಆಗದವರ ಹಾಗೆ ಕೈಗವಸು ಹಾಕಿಕೊಂಡರು. ಕಣ್ಣಲ್ಲಿ ನೀರಿತ್ತು.

ಗುಲಾಬಕ್ಕ ಅದನ್ನು ಕಂಡಳು. ಮರುವಾರದಿಂದ ಯಾರೂ ಹೇಳದೆಯೇ ಅವಳು ಮೀನಿನ ಹುರುಪೆ ಹೆರೆದು, ಚರ್ಮ ಸುಲಿದು, ತಲೆ ತೆಗೆದು, ಮೂರು ನೀರಿನಲ್ಲಿ ತೊಳೆದು, ಬಿಳಿ ಹೂವಿನ ಹಾಗೆ ಮಾಡಿ ಕೊಡತೊಡಗಿದಳು. ನೀಲಾ ಮೇಡಂ ಅದನ್ನು ಎಕ್ಸ್‌ರೇ ಯಂತ್ರದೊಳಗೆ ತಳ್ಳುವರು. ಪರದೆ ಕಪ್ಪಗೆ ಖಾಲಿ. ‘ಮುಳ್ಳು: ಸೊನ್ನೆ’ ಎಂದು ಬರೆಯುವರು. ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಉಳಿದದ್ದನ್ನು ಸುಡಬೇಕೆಂದು ನಿಯಮವಿತ್ತು. ಆದರೆ ತಲೆ ಕೊಯ್ದವಳ ಪಾಲು ಎನ್ನುವುದು ಮಾರ್ಕೆಟ್ಟಿನ ನಿಯಮ, ಅದು ಲ್ಯಾಬಿಗಿಂತ ಹಳೆಯದು. ತಲೆಗಳು ಗುಲಾಬಕ್ಕನ ಚೀಲ ಸೇರುತ್ತಿದ್ದವು. ಇನ್ನೂ ಒಂದು ಹಳೆಯ ನಿಯಮವಿತ್ತು. ಕೈಯಗಲವಿಲ್ಲದ ಮರಿಯ ಮೇಲೆ ಕತ್ತಿ ಇಡಬಾರದೆಂದು ಅವಳ ಅತ್ತೆ ಹೇಳಿಕೊಟ್ಟದ್ದು. ಅದನ್ನೂ ಅವಳು ಮೀರಿದವಳಲ್ಲ.

ಆ ಗುರುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಮದುವೆ ಮನೆಯ ಗಡಿಬಿಡಿ. ಸೋಮವಾರ ತೂಬಿನ ಹಲಗೆ ಎತ್ತುವುದೆಂದು ತೀರ್ಮಾನವಾಗಿತ್ತು. ಮರಿಕೆರೆಯಲ್ಲಿದ್ದ ನಲವತ್ತು ಸಾವಿರ ಮರಿಗಳು ಹೊಳೆಯ ಉಬ್ಬರದ ನೀರಿನೊಂದಿಗೆ ಊರಿನ ಕೆರೆಗಳಿಗೆ ಹರಿಯಲಿದ್ದವು. ಕಡಲು ಏರಿ ಹಳೆಯ ರಸ್ತೆಯನ್ನೂ ಅರ್ಧ ಗದ್ದೆಗಳನ್ನೂ ನುಂಗಿದ ಮೇಲೆ ಊರಿಗೆ ಉಳಿದದ್ದು ಆ ಉಪ್ಪುನೀರಿನ ಕೆರೆಗಳೇ. ಅಂಗನವಾಡಿಯ ಮಕ್ಕಳಿಗೆ, ಆಸ್ಪತ್ರೆಯ ರೋಗಿಗಳಿಗೆ ಇದೇ ಮೀನು ಎಂದು ಆದೇಶವೂ ಆಗಿತ್ತು.

ಗುಲಾಬಕ್ಕ ಕತ್ತಿ ಮಸೆಯುತ್ತಿದ್ದಳು. ನೀಲಾ ಮೇಡಂ ಬಾಗಿಲಲ್ಲಿ ನಿಂತರು.

"ಗುಲಾಬಕ್ಕ, ನಿನ್ನೆನೂ ಮಸೀತಿದ್ರಿ, ಇವತ್ತೂ ಮಸೀತೀರಿ. ಯುದ್ಧಕ್ಕ ಹೊಂಟೀರೇನು?"

"ಕಬ್ಬಿಣ ಕೆಟ್ಟಿತ್ ಮೇಡಮ್ಮ. ಮುಂಚೆ ವಾರಕ್ಕೊಂದ್ ಸಲ ಮಸೆದ್ರೆ ಸಾಕಿತ್ತ್. ಈಗ ನಾಲ್ಕ್ ಮೀನ್ ಕೊಯ್ದ್ರೆ ಬಾಯಿ ಹೋತ್ತ್. ಬೆಣ್ಣೆ ಹಾಂಗಿನ ಮೀನ್ ಕೊಯ್ದ್ ಕತ್ತಿ ಮೊಂಡ್ ಆಪ್ದಂದ್ರೆ ಎಂತ ಕಾಲ ಕಾಣಿ."

"ಹೊಸಾದು ತರಸ್ತೀನಿ ಬಿಡ್ರಿ. ಸೋಮವಾರ ಒಂದು ದಾಟ್ಲಿ."

ಅವರು ಹೋದ ಮೇಲೆ ಗುಲಾಬಕ್ಕ ದೊಡ್ಡ ಮೀನಿನ ತೊಟ್ಟಿ ತೊಳೆಯಲು ಇಳಿದಳು. ನೀರು ಬಸಿದ ಸಿಮೆಂಟಿನ ನೆಲದಲ್ಲಿ ಕಾಲಡಿ ಜುಂ ಎನ್ನುವ ಮರಳು. ಕಡಲ ನೀರನ್ನು ಮೂರು ಜರಡಿ ಹಿಡಿದು ತುಂಬುವ ತೊಟ್ಟಿ ಅದು. ಅಲ್ಲಿಗೆ ಮರಳು ಬರುವುದಾದರೂ ಎಲ್ಲಿಂದ? ಗಾರೆ ಉದುರುತ್ತಿರಬೇಕು ಎಂದುಕೊಂಡು ಗುಡಿಸಿದಳು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಬಿಡುವಿಲ್ಲದ ಕೆಲಸದಲ್ಲಿ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳುಗಳಲ್ಲಿ ‘ಗಾರೆ ಉದುರುತ್ತಿರಬೇಕು’ ಎನ್ನುವುದು ಒಂದು.

ಸಂಜೆ ಮನೆಯಲ್ಲಿ ಹೆರಿಯ ಮರಕಾಲ ಗೋಡೆಗೊರಗಿ ಕಾಲು ಚಾಚಿ ಕೂತಿದ್ದ. ಮೈಯ ಅರ್ಧ ಬಿದ್ದರೂ ನಾಲಿಗೆ ಪೂರ್ತಿ ನೆಟ್ಟಗಿದ್ದ ಗಂಡಸು. ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು. ಗುಲಾಬಕ್ಕ ತಲೆಯ ಸಾರಿನಲ್ಲಿ ಅನ್ನ ಕಲಸಿ ತುತ್ತು ಹಿಡಿದಳು.

"ಇವತ್ತೂ ಬೆನ್ನಿಲ್ಲದ ಮೀನಾ?" ಅಂದ ಅವನು. "ಬೆನ್ನಿಲ್ಲದ ಗಂಡಂಗೆ ಬೆನ್ನಿಲ್ಲದ ಮೀನ್. ಜೋಡಿ ಲಾಯ್ಕಿತ್ತ್."

"ಬಾಯಿ ತೆಗೀರಿ, ಮಾತ್ ಆಮೇಲೆ."

ಎರಡು ತುತ್ತು ನುಂಗಿದ. ಮೂರನೆಯದಕ್ಕೆ ಮುಖ ಹಿಂಡಿದ. "ಮರಳ್ ಕಚ್ಚತ್ತ್ ಹೆಣೆ."

"ಶುರುವಾಯ್ತಾ? ನಾಲ್ಕ್ ನೀರಲ್ಲಿ ತೊಳ್ದಿದೆ. ನಿಮ್ಮ ನಾಲ್ಗೆಗೆ ಬುದ್ಧಿ ತಪ್ಪಿತ್ತ್."

ಈ ಮಾತು ಅವರಿಬ್ಬರಲ್ಲಿ ಎರಡು ತಿಂಗಳಿಂದ ನಡೆದೇ ಇತ್ತು. ಅವನು ಮರಳು ಅನ್ನುವುದು, ಅವಳು ನಾಲಿಗೆಯ ದೋಷ ಅನ್ನುವುದು. ಪಾರ್ಶ್ವ ಬಡಿದವರಿಗೆ ರುಚಿ, ಬಿಸಿ, ತಣ್ಣಗೆ ಎಲ್ಲ ಅಡಿಮೇಲಾಗುತ್ತದೆಂದು ಡಾಕ್ಟರೇ ಹೇಳಿದ್ದರು. ಆದರೆ ಈ ದಿನ ಹೆರಿಯ ಜಗಳ ಮುಂದುವರಿಸಲಿಲ್ಲ. ಎಡಗೈಯಲ್ಲಿ ಸೊಂಟ ತಡಕಿ ತನ್ನ ಹಳೆಯ ನಶ್ಯದ ಡಬ್ಬಿ ತೆಗೆದು ಅವಳ ಮಡಿಲಿಗೆ ಹಾಕಿದ.

"ನೀನ್ ನಂಬುದಿಲ್ಲ ಅಂದೇಳಿ ಕೂಡಿಟ್ಟಿದೆ. ಬಿಚ್ಚಿ ಕಾಣ್."

ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಬಿಳಿ ಕಾಳು. ಚಿರೋಟಿ ರವೆಯ ಹಾಗೆ.

"ನಲವತ್ತ್ ವರ್ಷ ಹೊಳೆ ಮರಳು, ಕಡಲ ಮರಳು ಎರಡನ್ನೂ ತಿಂದವ ನಾನ್," ಅಂದ ಹೆರಿಯ. "ಮರಳಿಗೆ ಮೂಲೆ ಇರತ್ತ್, ಮೊನೆ ಇರುದಿಲ್ಲ. ಇದಕ್ಕೆ ಮೊನೆ ಇತ್ತ್. ಎಲ್ಲದಕ್ಕೂ ಒಂದೇ ನಮೂನಿ ಮೊನೆ. ಮಾಡಿದ್ದಲ್ಲ ಹೆಣೆ, ಹುಟ್ಟಿದ್ದ್."

ಅವಳು ಒಂದು ಕಾಳನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ಎಳೆದಳು. ಉಗುರಿನ ಮೇಲೆ ಗೆರೆ ಬಿತ್ತು. ಬಾಗಿಲ ಬೆಳಕಿಗೆ ಹಿಡಿದಳು. ಬುಡ ಅಗಲ, ತುದಿ ಚೂಪು, ಚೂಪು ಒಂದು ಕಡೆಗೆ ಬಾಗಿದೆ. ಎಲ್ಲೋ ಕಂಡ ಆಕಾರ. ಆ ಹೊತ್ತಿಗೆ ಹೆರಿಯ ಕೆಮ್ಮಿದ. ಕೆಮ್ಮಿ ಬಟ್ಟೆಯಲ್ಲಿ ಉಗುಳಿದ. ಉಗುಳಿನಲ್ಲಿ ಕೆಂಪು ನೂಲೆಳೆ.

"ಇದ್ ಎಷ್ಟ್ ದಿವಸ ಆಯ್ತ್?"

"ವಾರ ಆಯ್ತ್. ಹೇಳಿರೆ ನೀನ್ ಮೀನ್ ಕೊಡ್ದೆ ಗಂಜಿ ಕುಡಿಸ್ತೆ ಅಂದೇಳಿ ಸುಮ್ಮನಿದ್ದೆ."

ಅವಳು ಬಟ್ಟಲನ್ನು ಕೆಳಗಿಟ್ಟಳು. ಮೀನಿನ ಆಸೆಗೆ ರಕ್ತವನ್ನು ಮುಚ್ಚಿಟ್ಟ ಗಂಡನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂಬತ್ತು ವರ್ಷ ತುತ್ತು ಹಿಸುಕಿದ ಬೆರಳು, ಮುಳ್ಳಿಲ್ಲದ ಮೀನು ಬಂದ ಮೇಲೆ ಹಿಸುಕುವುದನ್ನೇ ಬಿಟ್ಟಿತ್ತು. ಮುಳ್ಳಿಲ್ಲವೆಂದು ಹೇಳಿದ ಮೀನನ್ನು ಯಾರೂ ಹುಡುಕಿ ತಿನ್ನುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ದೊಡ್ಡ ತೊಟ್ಟಿಯಿಂದ ಒಂದು ಮೀನು ಹಿಡಿದಳು. ಕತ್ತಿಯ ಮೇಲೆ ಕಾಲಿಡಲಿಲ್ಲ. ಮೀನನ್ನು ಮಡಿಲಲ್ಲಿ ಮಲಗಿಸಿ ತಲೆಯಿಂದ ಬಾಲಕ್ಕೆ ಅಂಗೈ ಆಡಿಸಿದಳು. ನುಣ್ಣಗಿತ್ತು. ಮೀನನ್ನು ಮುಟ್ಟುವವರೆಲ್ಲ ಮುಟ್ಟುವುದು ಹೀಗೆಯೇ, ತಲೆಯಿಂದ ಬಾಲಕ್ಕೆ. ಅವಳು ಕೈ ಎತ್ತಿ ಬಾಲದಿಂದ ತಲೆಯ ಕಡೆಗೆ ಎಳೆದಳು.

ಅಂಗೈ ತರಚಿತು.

ಆಗ ನೆನಪಾಯಿತು, ಆ ಆಕಾರ ಎಲ್ಲಿ ಕಂಡದ್ದೆಂದು. ತಾಟೆ ಮೀನು. ಶಾರ್ಕಿನ ಜಾತಿಯ ತಾಟೆಯನ್ನು ಸುಲಿಯುವಾಗ ಚರ್ಮ ಹೀಗೇ ಒಂದು ಕಡೆಗೆ ರೇಷ್ಮೆ, ಇನ್ನೊಂದು ಕಡೆಗೆ ಗರಗಸ. ಅವಳ ಅತ್ತೆ ತಾಟೆಯ ಒಣ ಚರ್ಮದಲ್ಲಿ ಮಣೆ ಉಜ್ಜುತ್ತಿದ್ದಳು. ಆದರೆ ಮಡಿಲಲ್ಲಿರುವುದು ತಾಟೆಯಲ್ಲ, ಹೂಮೀನು. ಬಾಯಿ ಬಿಡಿಸಿ ಬೆರಳು ಒಳಗೆ ಹಾಕಿದಳು. ದವಡೆಯಲ್ಲಿ ಹಲ್ಲಿಲ್ಲ. ಇನ್ನೂ ಒಳಗೆ, ಗಂಟಲಿಗೆ ತಲುಪಿದಾಗ ಬೆರಳ ತುದಿಗೆ ಒರಟು ತಾಗಿತು. ಕಿವಿರಿನ ಒಳಮೈಯೂ ಹಾಗೆಯೇ. ಅಲ್ಲೇ ಬೆರಳಿಟ್ಟುಕೊಂಡು ಅವಳು ಗಂಡನ ಗಂಟಲನ್ನು ನೆನೆದಳು.

ನೀಲಾ ಮೇಡಂ ಎಂದಿನಂತೆ ತಟ್ಟೆಗೆ ಕೈ ಚಾಚಿದವರು ಲೋಳೆ, ಹುರುಪೆ, ಬಿಟ್ಟ ಕಣ್ಣು ಕಂಡು ಹಿಂದೆ ಸರಿದರು.

"ಇದೇನ್ರಿ ಇವತ್ತು ಹಿಂಗ?"

"ಇವತ್ತ್ ಹೀಂಗೇ ಆಯ್ಕ್ ಮೇಡಮ್ಮ. ಮೂಗ್ ಮುಚ್ಕಣಿ, ಯಂತ್ರಕ್ಕೆ ಹಾಕಿ."

ದನಿಯಲ್ಲಿ ಏನಿತ್ತೋ, ಆಕೆ ಮೂಗು ಮುಚ್ಚಿಕೊಂಡರು. ತಟ್ಟೆ ಒಳಗೆ ಹೋಯಿತು. ಪರದೆ ಬೆಳಗಿತು.

ನಡುವೆ ಎಂದಿನಂತೆ ಏನೂ ಇಲ್ಲ, ಕಪ್ಪು. ಆ ಕಪ್ಪಿನ ಸುತ್ತ ಲಕ್ಷ ಚುಕ್ಕಿ ಬೆಳಕು. ಚುಕ್ಕಿಗಳೇ ಸೇರಿ ಬಾಲವಾಗಿದ್ದವು, ರೆಕ್ಕೆಯಾಗಿದ್ದವು, ಗಂಟಲಿನ ಸುರಂಗವಾಗಿದ್ದವು. ಮೀನನ್ನು ಒಳಗಿನಿಂದ ಅಳಿಸಿ ಹೊರಗಿನಿಂದ ಬರೆದ ಹಾಗಿತ್ತು.

ನೀಲಾ ಮೇಡಂ ಕುರ್ಚಿ ಎಳೆದು ಕೂತರು. ಪರದೆಯ ಮೇಲೆ ಬೆರಳಿಟ್ಟು ಮಾತಾಡಿದರು, ಪಾಠ ಹೇಳುವವರ ಹಾಗೆ, ಆದರೆ ತನಗೇ.

"ಹಲ್ಲು ಇವು. ಚರ್ಮದ ಮ್ಯಾಲಿನ ಹಲ್ಲು. ನಲವತ್ತು ಕೋಟಿ ವರ್ಷಕ್ಕೂ ಹಿಂದ ಮೀನಿಗೆ ಒಳಗ ಗಟ್ಟಿ ಎಲುಬು ಇರಲಿಲ್ಲ, ದವಡೀನೂ ಇರಲಿಲ್ಲ. ಮೈ ಮ್ಯಾಲೆ ಮಾತ್ರ ಇಂಥಾ ಹಲ್ಲಿನ ಕವಚ. ಆಮ್ಯಾಲೆ ಒಳಗೂ ಎಲುಬು ಬಂತು. ಬಾಯೊಳಗಿನ ಹಲ್ಲು ಹೊರಗಿಂದ ಒಳಗ ಬಂದ್ವೋ, ಗಂಟಲದಾಗ ಹುಟ್ಟಿ ಮುಂದ ಬಂದ್ವೋ ಅಂತ ಪಂಡಿತರ ಜಗಳ ಇನ್ನೂ ಮುಗದಿಲ್ಲ. ಶಾರ್ಕು ಒಳಗಿನ ಎಲುಬು ಬಿಟ್ಟುಕೊಡ್ತು, ಹೊರಗಿನ ಹಲ್ಲು ಇಟ್ಟುಕೊಂಡ್ತು. ನಾವು ಈ ಮೀನಿಗೆ..."

"ಗಾರೆಯವಂಗೆ ಒಳಗಿನ ಕೆಲಸ ಬೇಡ ಅಂದ್ರಿ," ಅಂದಳು ಗುಲಾಬಕ್ಕ. "ಅವ ಸುಣ್ಣ ಕಲಸಿ ಕೂತಿದ್ದ. ಹೊರಗೋಡೆಗೆ ಮೆತ್ತಿದ."

ಆಕೆ ತಿರುಗಿ ನೋಡಿದರು. "ಹೌದ್ರಿ. ಅಷ್ಟೇ. ಹಳೇ ಕೆಲಸ ಅವಂಗ ಮರತಿರಲಿಲ್ಲ. ಮರಿಯಾಗಿದ್ದಾಗ ಇರಲಿಲ್ಲ, ಆಗ ಇಡೀ ಮೀನನ್ನ ನಾವು ನೋಡೇವಿ. ಏಳೆಂಟು ತಿಂಗಳ ಮ್ಯಾಲೆ ಬಂದಿರಬೇಕು. ಆದರ ದೊಡ್ಡವನ್ನೂ ಪ್ರತಿ ವಾರ ನೋಡ್ತಿದ್ದೆನಲ್ಲ..." ಕಣ್ಣು ತಟ್ಟೆಯ ಮೇಲಿನ ಹುರುಪೆಗೆ ಹೋಯಿತು, ಅಲ್ಲಿಂದ ಗುಲಾಬಕ್ಕನ ಮುಖಕ್ಕೆ.

"ನೀವ್ ಕಂಡದ್ದ್ ನಾನ್ ಸುಲಿದ್ ಕೊಟ್ಟದ್ದನ್ನ," ಅಂದಳು ಗುಲಾಬಕ್ಕ. ತಪ್ಪನ್ನು ಒಪ್ಪುವಾಗ ನಿಂತುಕೊಂಡೇ ಒಪ್ಪಬೇಕು ಎಂದು ತಿಳಿದವಳು, ನಿಂತೇ ಹೇಳಿದಳು. "ಮೊದಲ್ನೇ ದಿವಸ ನೀವ್ ವಾಂತಿ ಮಾಡಿದ್ರಿ. ನಂಗೆ ಪಾಪ ಕಂಡಿತ್ತ್. ಹದಿನಾಲ್ಕ್ ತಿಂಗಳೂ ಸುಲಿದೇ ಕೊಟ್ಟಿದೆ. ಕತ್ತಿ ಮೊಂಡ್ ಆಪತಿಗೂ ಗೊತ್ತಾಯ್ಲಿಲ್ಲ. ತಲೆ ಮನೆಗೆ ತಕಂಡ್ ಹೋಯ್ದೆ. ಅವ್ರು ಉಂಡ್ರು. ಈಗ ರಕ್ತ ಉಗುಳ್ತ್ರು."

ಹೊರಗೆ ಹುಡುಗಿಯರು ಸೋಮವಾರಕ್ಕೆಂದು ತೂಬಿಗೆ ಮಾವಿನ ತೋರಣದ ದಾರ ಕಟ್ಟುತ್ತಿದ್ದರು. ಅವರ ನಗು ಕಿಟಕಿಯಿಂದ ಬರುತ್ತಿತ್ತು.

ನೀಲಾ ಮೇಡಂ ಬೈಯಲಿಲ್ಲ. ಬೈದಿದ್ದರೆ ಗುಲಾಬಕ್ಕನಿಗೆ ಹಗುರಾಗುತ್ತಿತ್ತು. "ನನಗ ಹೇಸಿಗಿ ಬರ್ತಿತ್ತು ಅಂತ ನೀವು ತೊಳದ್ರಿ," ಅಂದರು ಮೆಲ್ಲಗೆ. "ಯಾಕ ತೊಳದೀರಿ ಅಂತ ನಾ ಒಂದು ಸಲನೂ ಕೇಳಲಿಲ್ಲ. ಅನುಕೂಲ ಇತ್ತು. ಮದಲ ನಿಮ್ಮ ಮನೆಯವರನ್ನ ಆಸ್ಪತ್ರೆಗೆ ಕರಕೊಂಡು ಹೋಗೂಣು. ಗಾಡಿ ತಗೀತೀನಿ."

ಪೇಟೆಯ ಆಸ್ಪತ್ರೆಯಲ್ಲಿ ಹೆರಿಯನ ಗಂಟಲಿಗೆ ಕೊಳವೆ ಇಳಿಸಿ ನೋಡಿದರು. ಅನ್ನನಾಳದ ಗೋಡೆಯಲ್ಲಿ ಹತ್ತೊಂಬತ್ತು ಕಾಳು ನಾಟಿದ್ದವು. ಹದಿನಾಲ್ಕನ್ನು ಕಿತ್ತರು. ಐದು ಆಳದಲ್ಲಿದ್ದವು, ಕೀಳಲು ಹೋದರೆ ತೂತಾದೀತೆಂದು ಬಿಟ್ಟರು. ಒಳಗೆ ಕೀವಾಗದೆ ತಾವಾಗಿ ಉದುರಿದರೆ ಗೆದ್ದಂತೆ, ಮೂರು ದಿನ ಕಾಯಬೇಕು ಎಂದರು ಡಾಕ್ಟರು.

ಮೂಗಿಗೆ ನಳಿಗೆ ಹಾಕಿಸಿಕೊಂಡ ಹೆರಿಯ ಹೆಂಡತಿಯನ್ನು ಬಳಿಗೆ ಕರೆದ. "ಈಗ ಗಂಟಲಲ್ಲಾರೂ ಐದ್ ಹಲ್ಲ್ ಬಂದಿತ್ತಲ್ದಾ," ಅಂದ. ಅವಳಿಗೆ ನಗಲಾಗಲಿಲ್ಲ.

ಮರುದಿನ ಆಸ್ಪತ್ರೆಯ ವರಾಂಡದಲ್ಲಿ ನೀಲಾ ಮೇಡಂ ಫೋನು ಹಿಡಿದು ಅತ್ತಿತ್ತ ನಡೆಯುತ್ತಿದ್ದರು. ಆ ಕಡೆ ಲ್ಯಾಬಿನ ನಿರ್ದೇಶಕರು. ಗುಲಾಬಕ್ಕನಿಗೆ ಒಂದು ಕಡೆಯ ಮಾತಷ್ಟೇ ಕೇಳಿಸಿತು. "ಇಲ್ಲ ಸರ್, ಒಂದು ಮೀನಲ್ಲ... ಆಮೇಲೆ ಇನ್ನೂ ಆರು ನೋಡಿದೆ, ಆರರಲ್ಲೂ... ವರದಿ ಸೊನ್ನೆ ಇರುವುದು ಮಾದರಿ ತಪ್ಪಿದ್ದರಿಂದ... ಹೌದು ಸರ್, ನನ್ನದೇ ಸಹಿ." ಫೋನು ಕೆಳಗಿಟ್ಟಾಗ ಮುಖ ಬೂದಿಯಾಗಿತ್ತು.

"ಹದಿನಾಲ್ಕು ತಿಂಗಳ ಯಂತ್ರದ ಮಾತು ನಂಬಬೇಕೋ, ಮೀನು ಕೊಯ್ಯೋ ಹೆಣ್ಣುಮಗಳ ಅಂಗೈ ನಂಬಬೇಕೋ ಅಂತ ಕೇಳ್ತಾರ. ತೂಬು ತಗದ ಮ್ಯಾಲೆ ಬೇಕಾದ್ರ ನೋಡೂಣು ಅಂತಾರ. ಮಾದರಿ ಹೆಂಗ ತಪ್ಪಿತು ಅಂತ ಬರದು ಕೊಟ್ಟರ ಅಷ್ಟೇ ನಿಲ್ಲಸ್ತಾರಂತ. ಬರೆದ್ರ ನಿಮ್ಮ ಹೆಸರು ಬರತೈತಿ ಗುಲಾಬಕ್ಕ. ಊರಿನವರು ನಿಮ್ಮನ್ನ ಬಿಡೂದಿಲ್ಲ."

ಊರೆಂದರೆ ಗುಲಾಬಕ್ಕನಿಗೆ ಮಾರ್ಕೆಟ್ಟಿನ ಕಟ್ಟೆ. ಕಟ್ಟೆಯ ಹನ್ನೆರಡು ಹೆಂಗಸರು ಕೂಡಿ ಒಂದು ಕೆರೆಯನ್ನು ಗೇಣಿಗೆ ಹಿಡಿದಿದ್ದರು. ಅವಳ ಮಾತಿನ ಮೇಲೆಯೇ ಹಿಡಿದದ್ದು, ‘ನಾನ್ ಕೊಯ್ದ್ ಕಂಡಿದೆ, ಬೆಣ್ಣೆ’ ಎಂದು ಅವಳೇ ಹೇಳಿದ್ದಳು. ಅವರ ಮೊಮ್ಮಕ್ಕಳೇ ಅಂಗನವಾಡಿಯಲ್ಲಿ ಬಟ್ಟಲು ಹಿಡಿದು ಕೂರುವವರು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ಬರೀ ಮಗಾ. ಎಲ್ಲಿ ಸೈನ್ ಹಾಕ್ಕ್ ಹೇಳ್."

ಸೋಮವಾರ ತೂಬಿನ ಹಲಗೆ ಏಳಲಿಲ್ಲ. ಬಂದ ಜನ ಒಣಗಿದ ತೋರಣದ ಕೆಳಗೆ ನಿಂತು ಕೂಗಾಡಿದರು. ಕಟ್ಟೆಯ ಬಚ್ಚಿ ಎಂಬವಳು, ಗುಲಾಬಕ್ಕನ ಜೊತೆ ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಕೊಯ್ದವಳು, ಎಲ್ಲರೆದುರು ಕೇಳಿದಳು: "ನಿನ್ನ ಕೈ ನಂಬಿ ಬಂದೆವಲ್ದನೇ? ಈಗ ಅದೇ ಕೈ ತಪ್ಪಿತ್ತ್ ಅಂಬ್ದಾ?"

ಗುಲಾಬಕ್ಕ ಮುಂದೆ ಬಂದಳು. ಸುಲಿಯದ ಮೀನೊಂದನ್ನು ಬುಟ್ಟಿಯಿಂದ ತೆಗೆದು ಬಚ್ಚಿಯ ಕೈ ಹಿಡಿದು ಬಾಲದಿಂದ ತಲೆಗೆ ಎಳೆದಳು. ಬಚ್ಚಿ ಕೈ ಕಿತ್ತುಕೊಂಡು ಅಂಗೈ ನೋಡಿಕೊಂಡಳು. ಒಬ್ಬರಾದ ಮೇಲೆ ಒಬ್ಬರು ಮುಟ್ಟಿ ನೋಡಿದರು. ಕೂಗಾಟ ತಾನಾಗಿ ಇಳಿಯಿತು. ಸಂಜೆಯೊಳಗೆ ಮರಿಕೆರೆಗೆ ಸುಣ್ಣ ಹೊಯ್ದು ನಲವತ್ತು ಸಾವಿರ ಮರಿಗಳನ್ನು ಕೊಂದರು. ಬಿಳಿ ಹೊಟ್ಟೆಗಳು ತೇಲಿ, ಕೆರೆ ಮಲ್ಲಿಗೆ ಚೆಲ್ಲಿದ ಹಾಗೆ ಕಂಡಿತು.

ಅದೇ ಸಂಜೆ ಆಸ್ಪತ್ರೆಯಿಂದ ಹೆರಿಯನಿಗೆ ಜ್ವರ ಬರಲಿಲ್ಲವೆಂಬ ಸುದ್ದಿ ಬಂತು. ಗುಲಾಬಕ್ಕ ಪಂಪಿನ ಮನೆಯ ಕಟ್ಟೆಯ ಮೇಲೆ ಕೂತು ನಾಲ್ಕು ದಿನದಲ್ಲಿ ಮೊದಲ ಬಾರಿ ಉಸಿರು ಬಿಟ್ಟಳು. ಕಾಲ ಕೆಳಗೆ ಹೊಳೆ ಇಳಿತದಲ್ಲಿತ್ತು. ಲ್ಯಾಬಿನ ಹುಡುಗಿಯೊಬ್ಬಳು ಸತ್ತ ಮರಿಗಳ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಬುಟ್ಟಿಯಿಂದ ಒಂದು ಮರಿ ಜಾರಿ ಗುಲಾಬಕ್ಕನ ಕಾಲ ಬಳಿ ಬಿತ್ತು. ಕೈಯಗಲವೂ ಇರಲಿಲ್ಲ.

ಅವಳು ಅದನ್ನು ಬೊಗಸೆಗೆ ತೆಗೆದುಕೊಂಡಳು.

ಇದೇ ಕಟ್ಟೆ. ಕಳೆದ ಚೈತ್ರದಲ್ಲಿ. ದೊಡ್ಡ ತೊಟ್ಟಿಯ ಮೊದಲ ತಂಡದಲ್ಲಿ ಬೆಳೆಯದೆ ಉಳಿದ ಬಡಕಲುಗಳನ್ನು ಕೊಯ್ಯಲು ಕೊಟ್ಟಿದ್ದರು. ಕೈಯಗಲವಿಲ್ಲದ ಮರಿಯ ಮೇಲೆ ಕತ್ತಿ ಇಡಬಾರದು. ಒಂದೊಂದನ್ನೇ ಬೊಗಸೆಯಲ್ಲಿ ತಂದು ಹೊಳೆಗೆ ಬಿಟ್ಟಿದ್ದಳು. "ಹೋಗ್ ಮಗಾ, ದೊಡ್ಡದಾಯ್ಕಂಡ್ ಬಾ" ಎಂದೂ ಹೇಳಿದ್ದಳು, ಅತ್ತೆ ಹೇಳುತ್ತಿದ್ದ ಹಾಗೆ.

ನೀಲಾ ಮೇಡಂ ಖಾಲಿ ತೊಟ್ಟಿಗಳ ನಡುವೆ ಒಬ್ಬರೇ ನಿಂತಿದ್ದರು. ಗುಲಾಬಕ್ಕ ಹೋಗಿ ಹೇಳಿದಳು. ಈ ಸಲ ನಿಂತು ಹೇಳಲಾಗಲಿಲ್ಲ, ತೊಟ್ಟಿಯ ಅಂಚಿಗೆ ಕೂತಳು.

"ಎಷ್ಟು ಬಿಟ್ರಿ?"

"ಏಳ್."

"ಖರೆ ಏಳ? ಎಂಟಲ್ಲ?"

"ಮೀನ್ ಎಣಿಸುದ್ರಲ್ಲಿ ನಂಗೆ ತಪ್ಪುದಿಲ್ಲ ಮೇಡಮ್ಮ. ಏಳ್."

ನೀಲಾ ಮೇಡಂ ಗೋಡೆಗೊರಗಿದರು. "ಬಂಜೆ ಮಾಡೋ ಕೆಲಸ ಎರಡನೇ ಹಂತಕ್ಕ ಅಂತ ಬಿಟ್ಟಿದ್ವಿ. ಹೊರಗ ಹೋಗಲಿಕ್ಕೆ ದಾರಿನೇ ಇಲ್ಲ ಅಂದಿದ್ವಿ." ಕಣ್ಣು ಮುಚ್ಚಿ ಲೆಕ್ಕ ಹಾಕಿದರು. "ಹೂಮೀನು ಬೆದೆಗೆ ಬರೂದು ಐದು ವರ್ಷಕ್ಕ. ಅಲ್ಲೀತನ ಹೊಳಿ, ಅಳಿವಿ ಬಿಟ್ಟು ದೂರ ಹೋಗಾಕಿಲ್ಲ. ಐದು ತುಂಬಿದ ಮ್ಯಾಲೆ ಕಡಲಿಗೆ ಇಳೀತಾವ. ಜೋಡಿಗೆ ಊರಿನ ಮೀನೇ ಸಾಕು. ಒಂದು ಹೆಣ್ಣು ಇಳಿದ್ರ ಲಕ್ಷಗಟ್ಟಲೆ ತತ್ತಿ."

"ಒಂದ್ ವರ್ಷ ಹೋಯ್ತ್."

"ನಾಲ್ಕು ಐತಿ."

ಹೀಗೆ ಕೋಡಿಬೈಲಿನ ಮಾರ್ಕೆಟ್ಟಿನಲ್ಲಿ ಒಂದು ಪದ್ಧತಿ ಹುಟ್ಟಿತು. ಹೂಮೀನು ಯಾರದೇ ಬಲೆಯಲ್ಲಿ ಬರಲಿ, ಕಟ್ಟೆಯ ಹೆಂಗಸರು ಕೊಯ್ಯುವ ಮೊದಲು ಬಾಲದಿಂದ ತಲೆಗೆ ಒಮ್ಮೆ ಕೈ ಎಳೆಯುತ್ತಾರೆ. ಅಳಿವೆಯ ಎರಡೂ ದಂಡೆಯ ಒಂಬತ್ತು ಮಾರ್ಕೆಟ್ಟಿಗೆ ಬಚ್ಚಿಯೇ ಹೋಗಿ ಕಲಿಸಿ ಬಂದಳು. ಹೊಸದಾಗಿ ಬಂದ ಗಿರಾಕಿಗಳು ಅದನ್ನೊಂದು ಶಾಸ್ತ್ರವೆಂದು ತಿಳಿಯುತ್ತಾರೆ. ಲ್ಯಾಬು ಮುಚ್ಚಿತು. ಎಲ್ಲರೂ ಹೋದರು, ನೀಲಾ ಮೇಡಂ ಹೋಗಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಊರಲ್ಲೇ ಉಳಿದರು. ಬೆಳಿಗ್ಗೆ ಒಂದು ಗಂಟೆ ಕಟ್ಟೆಗೆ ಬಂದು ಕೈಗವಸಿಲ್ಲದೆ ಮೀನು ಮುಟ್ಟುತ್ತಾರೆ. ಈಗ ವಾಂತಿ ಬರುವುದಿಲ್ಲ. ತಿನ್ನುವುದು ಮಾತ್ರ ಇಲ್ಲ.

ಮೊದಲನೆಯದು ಆರು ತಿಂಗಳಿಗೆ ಸಿಕ್ಕಿತು. ಮರುವರ್ಷ ಮೂರು ಸಿಕ್ಕಿದವು. ಐದನೆಯದಕ್ಕೆ ಕಿವಿರು ಮುಚ್ಚಲಾಗದಷ್ಟು ಹಲ್ಲು ಬೆಳೆದು ತಾನೇ ಸತ್ತು ದಡಕ್ಕೆ ಬಂದಿತ್ತು. ಆರನೆಯದು ಕಳೆದ ಮಳೆಗಾಲದ ಮೊದಲು, ಬಲೆಯನ್ನು ಮಾರುದ್ದ ಹರಿದು.

ಹೆರಿಯನ ಗಂಟಲಿನ ಐದು ಕಾಳುಗಳಲ್ಲಿ ನಾಲ್ಕು ಉದುರಿದವು. ಒಂದು ಹಾಗೇ ಇದೆ. ಗುಲಾಬಕ್ಕ ಈಗ ಪ್ರತಿ ತುತ್ತನ್ನೂ ಮೊದಲಿನ ಹಾಗೆ ಹಿಸುಕಿಯೇ ಕೊಡುತ್ತಾಳೆ. ಊರ ಹೂಮೀನಿನ ಇನ್ನೂರು ಸೂಜಿಗಳನ್ನು ಒಂದೊಂದಾಗಿ ಹುಡುಕಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತಾಳೆ. ದಿನಾ ಅವಳು ಮಾರ್ಕೆಟ್ಟಿಗೆ ಹೊರಡುವಾಗ ಅವನು ಕೇಳುವ ಪ್ರಶ್ನೆ ಒಂದೇ: "ನಂದೊಂದ್, ಹೊಳೆದೊಂದ್. ಯಾವ್ದ್ ಮೊದ್ಲ್ ಬಪ್ದ್ ಹೆಣೆ?"

ಈಗ ಮತ್ತೆ ಚೈತ್ರ. ಐದು ವರ್ಷ ತುಂಬಲು ಹನ್ನೊಂದು ದಿನ ಉಳಿದಿದೆ. ಬೆಳಗಿನ ದೋಣಿ ಬಂದು, ಬುಟ್ಟಿ ಕಟ್ಟೆಗೆ ಏರಿ, ಮೇಲಿನ ಸೀಗಡಿ ಸರಿಸಿದಾಗ ತಳದಲ್ಲಿ ಒಂದು ಹೂಮೀನು, ತೋಳುದ್ದ. ಬಚ್ಚಿ ಕೈ ನಿಲ್ಲಿಸಿದಳು. ನೀಲಾ ಮೇಡಂ ಹತ್ತಿರ ಬಂದರು. ಗುಲಾಬಕ್ಕ ಮೀನನ್ನು ಮಡಿಲಿಗೆ ತೆಗೆದುಕೊಂಡು, ಅಂಗೈಯನ್ನು ಸೆರಗಿಗೆ ಒರೆಸಿ, ಬಾಲದ ಬುಡಕ್ಕಿಟ್ಟು ತಲೆಯ ಕಡೆಗೆ ಎಳೆದಳು.

ನುಣುಪು.

ಇನ್ನೊಮ್ಮೆ ಎಳೆದಳು. ನುಣುಪೇ. ಊರಿನದೇ ಮೀನು, ಮೈ ತುಂಬ ಮುಳ್ಳಿನದು. ಅವಳು ಅದನ್ನು ಕತ್ತಿಯ ಬಳಿ ಇಟ್ಟು, ಮುಂದಿನ ಬುಟ್ಟಿಗೆ ಕೈ ಚಾಚಿದಳು.